ಗುಂಡಿ ಇನ್ನೂ ಬೆಚ್ಚಗಿದೆ

ಸೆಪ್ಟೆಂಬರ್ 22, ಸೋಮವಾರ

ಚಿಕ್ಕವಳು ಹೋಗಿ ಇವತ್ತಿಗೆ ಹದಿನೇಳು ದಿನ.

ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡಿದೆ. ಹಾಲು ಕರೆದೆ. ಸಗಣಿ ಎತ್ತಿದೆ. ಅತ್ತೆಗೆ ಬಿಸಿನೀರು ಕೊಟ್ಟೆ. ಮೈದುನನ ಮುಂದೆ ತಟ್ಟೆ ಇಟ್ಟೆ. ಅವನು ತಟ್ಟೆ ನೋಡಿದ, ನಾನು ಗೋಡೆ ನೋಡಿದೆ.

ಇದನ್ನು ಬರೆಯೋಕೆ ಯಾಕೆ ಕೂತೆನೋ ಗೊತ್ತಿಲ್ಲ. ಪ್ರಾರ್ಥನೆಯಲ್ಲಿ ಬಾಯಿಪಾಠ ಮಾತ್ರ ಬರುತ್ತಿದೆ, ಮಾತು ಬರುತ್ತಿಲ್ಲ. ದೇವರ ಮುಂದೆ ನಾಲಿಗೆ ಏಳದ್ದನ್ನು ಇಲ್ಲಿ ಹಾಕಿಡೋಣ ಅಂತ ಕಾಣುತ್ತೆ. ಏಳನೇ ಕ್ಲಾಸಿನ ಅಕ್ಷರ ನನ್ನದು. ಕೋಳಿ ಕೆದರಿದ ಹಾಗಿದೆ ಅಂತ ಅವಳು ನಗುತ್ತಿದ್ದಳು.

ಅತ್ತೆ ಸೊಸೆಯರಾದ ನಮ್ಮಿಬ್ಬರನ್ನು ದೊಡ್ಡವಳು, ಚಿಕ್ಕವಳು ಅಂತಲೇ ಇಪ್ಪತ್ತಾರು ವರ್ಷ ಕರೆದದ್ದು. ನಾವೂ ಅದನ್ನೇ ಹಿಡಿದೆವು. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಓರಗಿತ್ತಿಯ ಹೆಸರು ಬರೆದಿತ್ತು. ಓದಿದೆ. ಇದು ಬೇರೆ ಯಾರದೋ ಇರಬೇಕು, ನಮ್ಮದು ಕೊಡಿ ಅಂತ ವಾಪಸು ಕೊಟ್ಟೆ.

ಬಂದವರೆಲ್ಲ ಮೈದುನನ ಪಕ್ಕ ಕೂತು ಸಮಾಧಾನ ಹೇಳಿ ಹೋದರು. ನ್ಯಾಯವೇ, ಹೆಂಡತಿ ಹೋದದ್ದು ಅವನಿಗೆ. ನನ್ನ ಹತ್ತಿರ ಬಂದು ಟೀ ಕೇಳಿದರು. ಓರಗಿತ್ತಿ ಹೋದವಳಿಗೆ ಏನು ಹೇಳಬೇಕು ಅಂತ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.

ಸೆಪ್ಟೆಂಬರ್ 24, ಬುಧವಾರ

ಮಧ್ಯಾಹ್ನ ಊಟಕ್ಕೆ ಕೂತಾಗ ಮೈದುನ ಬಾಯಿಬಿಟ್ಟ. ಹಸು ಕೊಟ್ಟುಬಿಡೋಣ ಅಂದ. ಇಪ್ಪತ್ತೆರಡೂ.

ನಮ್ಮವರು ಎತ್ತಿದ ತುತ್ತು ಹಾಗೇ ಇಳಿಸಿದರು. ತಮ್ಮನಿಗೆ ಎದುರಾಡುವ ಜಾಯಮಾನ ಅವರದಲ್ಲ.

"ಯಾರಿಗೆ ಬೇಕು ಅತ್ತಿಗೆ ಇದೆಲ್ಲ? ಹಸು ಅವಳ ಹುಚ್ಚು. ಅವಳೇ ಇಲ್ಲ."

"ಹೊಲದಲ್ಲಿ ಜೋಳ ನಿಂತಿದೆಯಲ್ಲ" ಅಂದೆ. ಬೇರೆ ಏನೂ ತೋಚಲಿಲ್ಲ.

"ನಿಲ್ಲಲಿ."

"ಕಾಳು ಅರ್ಧ ಹಾಲು ಅರ್ಧ ಹಿಟ್ಟಾಗಿದೆ. ಈ ವಾರ ಕೊಯ್ಯದಿದ್ರೆ ದಂಟು ಒಣಗುತ್ತೆ. ಕೊಯ್ದು ಹುಳಿ ಮೇವಿನ ಗುಂಡಿ ತುಂಬಿಸೋಣ. ಆಮೇಲೆ ನೋಡಿದರಾಯ್ತು."

ಮೂಲೆಯಿಂದ ಅತ್ತೆ ಅಂದರು: "ಅದನ್ನ ಬಲ್ಲವಳು ಮಣ್ಣಿಗೆ ಹೋದಳು. ನೀನೇನೇ ತುಂಬ್ತೀಯ? ಉಪ್ಪಿನ ಡಬ್ಬಿ ಮುಚ್ಚಳ ನೆಟ್ಟಗೆ ಮುಚ್ಚೋಕೆ ಬರಲ್ಲ ನಿಂಗೆ."

ಮೈದುನ ಕೈ ತೊಳೆದು ಬಂದು ಬಾಗಿಲಲ್ಲಿ ನಿಂತು ಹೇಳಿದ. "ತುಂಬಿಸಿ. ತೆಗೆದ ದಿನ ಮೇವು ಚೆನ್ನಾಗಿದ್ರೆ ಹಸು ಇರಲಿ. ಕೆಟ್ಟಿದ್ರೆ ಲಾರಿ ಬರುತ್ತೆ. ಹಸಿರಿಲ್ಲದ ಐದು ತಿಂಗಳು ಹೊರಗಿಂದ ಹುಲ್ಲು ತಂದು ಹಾಕೋಕೆ ನನ್ನ ಕೈಲಾಗಲ್ಲ. ಮನಸ್ಸೂ ಇಲ್ಲ. ಆಮೇಲೆ ನನ್ನನ್ನ ಏನೂ ಕೇಳಬೇಡಿ."

ಹೂಂ ಅಂದೆ. ಯಾಕೆ ಹೂಂ ಅಂದೆ? ಹಸು ಬೇಕು ಅಂತ ನನಗೆ ಅನಿಸಿತೇ? ಏನೂ ಅನಿಸಲಿಲ್ಲ. ಹತ್ತೊಂಬತ್ತು ದಿನದಿಂದ ಏನೂ ಅನಿಸುತ್ತಿಲ್ಲ. ಎಮ್ಮೆ ಮೇಲೆ ಮಳೆ ಹೊಯ್ದ ಹಾಗೆ ನಿಂತಿದ್ದೇನೆ. ದೇವರೇ, ನಿನ್ನ ಚಿತ್ತ.

ಸೆಪ್ಟೆಂಬರ್ 27, ಶನಿವಾರ

ಕತ್ತರಿಸುವ ಮೆಷಿನ್‌ನವನು ಬೆಳಿಗ್ಗೆಯೇ ಬಂದ. ಹೋದ ವರ್ಷ ಬಂದವನೇ. ಇಳಿದವನೇ "ಎಲ್ಲಿ ನಿಮ್ಮ ಇನ್‌ಸ್ಪೆಕ್ಟರಮ್ಮ?" ಅಂದ. ಚಿಕ್ಕವಳಿಗೆ ಅವನಿಟ್ಟ ಹೆಸರು ಅದು. ಅವನಿಗೆ ಸುದ್ದಿ ಗೊತ್ತಿರಲಿಲ್ಲ. ನಮ್ಮವರು ಪಕ್ಕಕ್ಕೆ ಕರೆದು ಹೇಳಿದರು. ಟೋಪಿ ತೆಗೆದು ಸ್ವಲ್ಪ ಹೊತ್ತು ನಿಂತ. ಮತ್ತೆ ಹಾಕಿಕೊಂಡ. ಅಷ್ಟೊತ್ತಿಗೆ ನಾನು ಬುಟ್ಟಿ ಜೋಡಿಸಿ ಆಗಿತ್ತು.

ದಂಟು, ಎಲೆ, ತೆನೆ ಎಲ್ಲ ಒಟ್ಟಿಗೆ ಮೆಷಿನ್ನಿಗೆ ಹೋಗಿ ಉಗುರಿನಷ್ಟು ಉಗುರಿನಷ್ಟು ಚೂರಾಗಿ ಟ್ರೇಲರಿಗೆ ಬೀಳುತ್ತಿತ್ತು. ಮೊದಲ ಟ್ರೇಲರ್ ಬಂದಾಗ ಹಿಡಿ ತುಂಬ ತೆಗೆದು ಹಿಚುಕಿ ನೋಡಬೇಕು. ಬೆರಳ ಸಂದಿಯಲ್ಲಿ ನೀರು ಸೋರಿದರೆ ಇನ್ನೂ ಎಳಸು. ಬಿಟ್ಟ ತಕ್ಷಣ ಉದುರಿದರೆ ಒಣಗಿತು. ಉಂಡೆ ನಿಧಾನ ಬಿಚ್ಚಿಕೊಂಡು, ಅಂಗೈ ತೇವವಾಗಿದ್ದರೆ ಸರಿ. ಇದು ಅವಳ ಕೆಲಸ. ಪ್ರತಿ ವರ್ಷ ಹಿಚುಕಿ, ಕಣ್ಣುಮುಚ್ಚಿ, ಕೋರ್ಟು ತೀರ್ಪು ಕೊಟ್ಟ ಹಾಗೆ "ಹೂಂ" ಅನ್ನುತ್ತಿದ್ದಳು. ಇವತ್ತು ನಾನು ಹಿಚುಕಿದೆ. ಉಂಡೆ ಕಂಡಿತು. ಕೈಗೆ ಏನೂ ಗೊತ್ತಾಗಲಿಲ್ಲ. "ತೇವ ಇದೆಯಾ?" ಅಂತ ನಮ್ಮವರನ್ನು ಕೇಳಿದೆ.

"ಕೈ ನಿಂದು, ನನ್ನ ಕೇಳ್ತೀಯಲ್ಲೇ!" ಅಂದರು. ಆಮೇಲೆ ನನ್ನ ಮುಖ ನೋಡಿ, ನನ್ನ ಅಂಗೈ ಮೇಲೆ ತಮ್ಮ ಬೆರಳು ಎಳೆದು "ಇದೆ" ಅಂದರು.

ಸಂಜೆವರೆಗೆ ಹನ್ನೊಂದು ಟ್ರೇಲರ್.

ಸೆಪ್ಟೆಂಬರ್ 29, ಸೋಮವಾರ

ಇವತ್ತು ಮುಚ್ಚಿದೆವು.

ಎರಡು ದಿನ ಗುಂಡಿಯಲ್ಲೇ ಇದ್ದೆ. ಎರಡು ಕಡೆ ಗಾರೆ ಗೋಡೆ, ಹಿಂದೆ ದಿಣ್ಣೆ, ಉದ್ದ ಇಪ್ಪತ್ತು ಹೆಜ್ಜೆ. ಗೇಣೆತ್ತರ ಮೇವು ಹರಡಿದರೆ ನಮ್ಮವರು ಟ್ರ್ಯಾಕ್ಟರ್ ಹತ್ತಿಸಿ ಹಿಂದೆ ಮುಂದೆ, ಹಿಂದೆ ಮುಂದೆ ಓಡಿಸುತ್ತಾರೆ. ಚಕ್ರ ಗೋಡೆ ಪಕ್ಕಕ್ಕೆ ಬರುವುದಿಲ್ಲ. ಆ ಅಂಚನ್ನು ಕಾಲಲ್ಲೇ ತುಳಿಯಬೇಕು. ಅವಳು ಎಡಗೋಡೆ, ನಾನು ಬಲಗೋಡೆ. ಈ ಸಲ ಎರಡೂ ನಾನೇ. ತುಳಿಯುತ್ತಾ ದೇವರ ನಾಮ ಎಣಿಸಿದೆ. ಸಾವಿರ ದಾಟಿದ ಮೇಲೆ ಬರೀ ಎಣಿಕೆ ಉಳಿಯಿತು, ದೇವರು ಎಲ್ಲೋ ಬಿದ್ದುಹೋದ.

ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದೆವು. ಹಳೇ ಟೈರು ಹೇರಿದೆವು. ಸುತ್ತಲೂ ಮಣ್ಣು ಒತ್ತಿದೆವು. ಮೈದುನ ದೂರದಲ್ಲಿ ನಿಂತು ನೋಡಿದ. ಮಣ್ಣು ಒತ್ತುವಾಗ ಹೊರಟುಹೋದ.

ಮೆಷಿನ್‌ನವನು ಹೋಗುವಾಗ ಹೇಳಿದ: "ನಾಲ್ಕೈದು ದಿನ ಒಳಗೆ ಬಿಸಿ ಇರುತ್ತಮ್ಮಾ, ಹೆದರಬೇಡಿ. ಆಮೇಲೆ ತಣ್ಣಗಾಗುತ್ತೆ. ತಣ್ಣಗಾಯ್ತೋ, ಗೆದ್ದಿರಿ. ಗಾಳಿ ಒಂದು ಹೋಗಬಾರದು. ನಲವತ್ತೈದು ದಿನ ಆ ಕಡೆ ತಲೆ ಹಾಕಬೇಡಿ."

ಕೈಮುಗಿದು ಕಳಿಸಿದೆ.

ಅಕ್ಟೋಬರ್ 1, ಬುಧವಾರ

ಸಂಜೆ ಹಾಲು ಕರೆದಾದ ಮೇಲೆ ಗುಂಡಿ ಹತ್ತಿರ ಹೋದೆ. ಮುಂದಿನ ಎಡಮೂಲೆಯಲ್ಲಿ ಒಂದು ಟೈರು ಸರಿಸಿ, ಮಣ್ಣು ಬಿಡಿಸಿ, ಹಾಳೆ ಎತ್ತಿ ನೋಡಿದೆ. ಒಲೆ ಮೇಲಿಟ್ಟದ್ದು ಬೆಂತಾ ಅಂತ ಮುಚ್ಚಳ ತೆಗೆದು ನೋಡುವುದಿಲ್ಲವೇ, ಹಾಗೆ. ಕೈ ಹಾಕಿದೆ. ಬಿಸಿಯಿತ್ತು. ಮತ್ತೆ ಮುಚ್ಚಿದೆ.

ಅಕ್ಟೋಬರ್ 2, ಗುರುವಾರ

ಕೈ ಹಾಕಿ ನೋಡಿದೆ. ಬಿಸಿ ಇದೆ.

ಅಕ್ಟೋಬರ್ 3, ಶುಕ್ರವಾರ

ಬಿಸಿ ಇದೆ.

ಅಕ್ಟೋಬರ್ 5, ಭಾನುವಾರ

ಪ್ರಾರ್ಥನೆಗೆ ಹೋಗಿ ಬಂದೆ. ಅಕ್ಕಪಕ್ಕದ ಹೆಂಗಸರು ನನ್ನ ಹಿಂದೆ ಮಾತಾಡಿದ್ದು ಕೇಳಿಸಿತು. ಒಂದು ಹನಿ ಕಣ್ಣೀರು ಹಾಕಲಿಲ್ಲವಂತೆ, ಕಲ್ಲು ಅಂತೆ, ಓರಗಿತ್ತಿಯರು ಅಂದರೆ ಅಷ್ಟೇ ಅಂತೆ, ಒಳಗೊಳಗೆ ಹಾಲು ಕುಡಿದ ಹಾಗಾಗಿದೆಯಂತೆ. ತಿರುಗಿ ನೋಡಲಿಲ್ಲ. ಅವರು ಹೇಳಿದ್ದರಲ್ಲಿ ಕಲ್ಲು ಅನ್ನುವುದು ನಿಜವಿರಬಹುದು.

ನಾವು ಜಗಳ ಆಡುತ್ತಿದ್ದುದೂ ನಿಜ. ದಿನಾ ಆಡುತ್ತಿದ್ದೆವು. ಬಕೆಟ್ಟು ಎಲ್ಲಿಟ್ಟೆ ಅನ್ನುವುದರಿಂದ ಹಿಡಿದು.

ಸಂಜೆ ಗುಂಡಿಗೆ ಹೋದೆ. ಮೊಣಕೈವರೆಗೆ ಹೋಗುತ್ತದೆ ಈಗ. ಬೆಚ್ಚಗಿದೆ.

ಅಕ್ಟೋಬರ್ 9, ಗುರುವಾರ

ಹತ್ತು ದಿನವಾಯಿತು. ಇನ್ನೂ ಬೆಚ್ಚಗಿದೆ. ತಣ್ಣಗಾಗುತ್ತೆ ಅಂದಿದ್ದನಲ್ಲ ಅವನು, ಆಗಿಲ್ಲ. ಒಂದೊಂದು ಗುಂಡಿ ಒಂದೊಂದು ಥರ ಇರಬಹುದು. ಇದು ಜೀವ ಇರುವ ಗುಂಡಿ.

ಕೈ ಒಳಗಿಟ್ಟು ಕೂತೆ. ಹೊರಗೆ ಗಾಳಿ ತಣ್ಣಗೆ ಬೀಸುತ್ತಿತ್ತು. ಬೆರಳುಗಳು ನನ್ನವು ಅಂತ ಗೊತ್ತಾಗುವುದು ಅಲ್ಲೇ. ಚಿಕ್ಕವಳೆ, ನಿನಗೆ ಚಳಿ ಆಗುತ್ತಿರಲಿಲ್ಲ ಯಾವತ್ತೂ, ನನಗೇ ಎರಡೆರಡು ಹೊದಿಕೆ.

ಎದ್ದು ಬಂದು ಅತ್ತೆಯ ಕಾಲು ಒತ್ತಿದೆ.

ಅಕ್ಟೋಬರ್ 12, ಭಾನುವಾರ

ಇವತ್ತು ಅದನ್ನು ಬರೆದುಬಿಡುತ್ತೇನೆ.

ಆವತ್ತು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಇಬ್ಬರೂ ಎದುರು ಬದುರು ಕೂತಿದ್ದೆವು. ನಡುವೆ ಎರಡು ಹಸು. ಅವಳ ತಂಬಿಗೆಗೆ ಹಾಲು ಬೀಳುವ ಸದ್ದು ನಿಂತಿತು. ನೋಡಿದರೆ ಹಸುವಿನ ಹೊಟ್ಟೆಗೆ ತಲೆ ಆನಿಸಿ ಕೂತಿದ್ದಾಳೆ. "ಏಯ್ ಮಹಾರಾಣಿ, ಎದ್ದೇಳು, ಹಾಲಿನ ಗಾಡಿ ಬರೋ ಹೊತ್ತಾಯ್ತು" ಅಂತ ಗದರಿದೆ. ಏಳಲಿಲ್ಲ. ಇನ್ನೂ ಎರಡು ಮಾತು ಬೈದೆ. ಸೋಮಾರಿ ಅಂದೆ. ನನ್ನ ಹಸು ಮುಗಿಸಿದೆ. ಮುಗಿಸಿದ ಮೇಲೆ ಎದ್ದು ಹೋದೆ. ದೇವರಾಣೆ, ಮುಗಿಸಿದ ಮೇಲೆಯೇ ಎದ್ದು ಹೋದೆ.

ಕೈ ಹಿಡಿದು ಎಳೆದೆ. ಬೆಚ್ಚಗಿತ್ತು. ಆಸ್ಪತ್ರೆಗೆ ಹೋಗುವ ದಾರಿಯಲ್ಲೂ ಹಿಡಿದುಕೊಂಡೇ ಇದ್ದೆ, ಬೆಚ್ಚಗೇ ಇತ್ತು. ಅದಕ್ಕೇ ಡಾಕ್ಟರ್ ಬಂದು ಹೇಳಿದಾಗ ನಾನು ನಂಬಲಿಲ್ಲ. ಕೈ ಬಿಡಿ ಅಂದರು. ಬಿಟ್ಟೆ.

ಅಷ್ಟೇ. ನನ್ನ ಮಗಳು ಅವಳ ಊರಿಂದ ಫೋನು ಮಾಡಿದ್ದಳು, ಬರುತ್ತೇನೆ ಅಂದಳು. ಬೇಡ, ಇಲ್ಲಿ ಎಲ್ಲ ಸರಿಯಿದೆ ಅಂದೆ.

ಗುಂಡಿ ಬೆಚ್ಚಗಿದೆ.

ಅಕ್ಟೋಬರ್ 17, ಶುಕ್ರವಾರ

ಬೆಳಿಗ್ಗೆ ಮೈದುನ ಗುಂಡಿ ಕಡೆಯಿಂದ ಬಂದವನು ಚಪ್ಪಲಿ ಬಿಡದೆ ಒಳಗೆ ಬಂದ. ಹೆಂಡತಿ ಹೋದ ಮೇಲೆ ಅವನು ಇಷ್ಟು ಜೋರಾಗಿ ನಡೆದದ್ದು ಇದೇ ಮೊದಲು.

"ಅಣ್ಣಾ, ಗುಂಡಿ ಎಡಮೂಲೆ ಯಾವುದೋ ನಾಯಿ ಕೆದರ್ತಿದೆ. ಹಾಳೆ ಸಡಿಲ ಆಗಿದೆ. ಚಳಿಗೆ ಹಬೆ ಏಳ್ತಿದೆ ಅಲ್ಲಿ!"

"ಹಬೆಯಾ?" ನಮ್ಮವರು ಎದ್ದು ನಿಂತರು. "ಹದಿನೆಂಟು ದಿನ ಆದ ಮೇಲೆ ಹಬೆ ಅಂದ್ರೆ ಗಾಳಿ ಹೊಕ್ಕಿದೆ ಅಂತ. ಕೊಳೀತಿದೆ ಕಣೋ."

"ಯಾವ ಕಳ್ಳ ನಾಯಿಯೋ, ಕೈಗೆ ಸಿಕ್ಕಲಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬಲಗೈ ಹಿಂದಕ್ಕೆ ಇಟ್ಟುಕೊಂಡೆ.

ಅಣ್ಣ ತಮ್ಮ ಇಬ್ಬರೂ ಹೋಗಿ ಮಣ್ಣು ಒತ್ತಿ, ಇನ್ನೆರಡು ಟೈರು ಹೇರಿ, ಸುತ್ತ ಮುಳ್ಳು ಕೊಂಬೆ ಹಾಕಿ ಬಂದರು. "ಈಗ ಬರಲಿ ನೋಡೋಣ" ಅಂದ ಮೈದುನ.

ಬೆಚ್ಚಗಿದ್ದದ್ದು ಕೊಳೆತಕ್ಕೆ. ಅಂದರೆ ನಾನು ದಿನಾ ಹೋಗಿ ಕೈ ಕಾಯಿಸಿಕೊಂಡದ್ದು... ಗೊತ್ತಿರಲಿಲ್ಲವೇ ನನಗೆ? ಮೆಷಿನ್‌ನವನು ಹೇಳಿದ್ದನ್ನು ಈ ಪುಸ್ತಕದಲ್ಲಿ ನಾನೇ ಬರೆದಿದ್ದೇನೆ. ಹಿಂದಿನ ಹಾಳೆ ತಿರುಗಿಸಿ ನೋಡಿದೆ. ನನ್ನ ಅಕ್ಷರವೇ.

ಅಕ್ಟೋಬರ್ 19, ಭಾನುವಾರ

ಎರಡು ದಿನ ಹೋಗಲಿಲ್ಲ. ಇವತ್ತು ಹೋದೆ. ಮುಳ್ಳು ಸರಿಸಿದೆ. ಕೈಯೆಲ್ಲ ಗೀರಿತು.

ಬೆಚ್ಚಗಿದೆ ಇನ್ನೂ.

ದೇವರೇ, ನಾನು ಮಾಡುತ್ತಿರುವುದು ನನಗೆ ಗೊತ್ತಿದೆ. ಕ್ಷಮಿಸು ಅಂತ ಕೇಳೋಕೂ ನಾಲಿಗೆ ಬರುವುದಿಲ್ಲ, ನಾಳೆಯೂ ಹೋಗುತ್ತೇನೆ ಅಂತ ಗೊತ್ತಿದ್ದು ಇವತ್ತು ಕ್ಷಮಿಸು ಅಂದರೆ ಅದು ಮೋಸ.

ಅಕ್ಟೋಬರ್ 21, ಮಂಗಳವಾರ

ಅತ್ತೆಗೆ ತಲೆ ಬಾಚುತ್ತಿದ್ದೆ. ಕಣ್ಣು ಮಂಜು, ಕಿವಿ ಅರ್ಧ, ಆದರೂ ಮನೆಯಲ್ಲಿ ಸೂಜಿ ಬಿದ್ದರೆ ಯಾರ ಕೈಯಿಂದ ಅಂತ ಹೇಳುತ್ತಾರೆ.

"ಏನೇ ದೊಡ್ಡವಳೆ."

"ಏನತ್ತೆ?"

"ಆ ನಾಯಿ ವಿಷಯ."

"ಯಾವ ನಾಯಿ?"

"ಗುಂಡಿ ಕೆದರೋ ನಾಯಿ. ನಿನ್ನೆ ಬಿಸಿಲು ಕಾಯಿಸ್ಕೊಳ್ತಾ ಆ ಕಡೆ ಹೋಗಿದ್ದೆ. ಮೆತ್ತನೆ ಮಣ್ಣಲ್ಲಿ ಹೆಜ್ಜೆ ಇತ್ತು." "ನಾಯಿ ಚಪ್ಪಲಿ ಹಾಕ್ಕೊಂಡು ಓಡಾಡೋದನ್ನ ಎಂಬತ್ತು ವರ್ಷಕ್ಕೆ ಇದೇ ಮೊದಲು ನೋಡಿದ್ದು. ಅದೂ ಎಡಗಾಲಿನ ಹಿಮ್ಮಡಿ ಸವೆದ ಚಪ್ಪಲಿ."

ಬಾಚಣಿಗೆ ಕೈಯಲ್ಲೇ ಇತ್ತು.

"ಅವನಿಗೆ ನಾನು ಹೇಳಲ್ಲ" ಅಂದರು. "ನಿನ್ನ ಬಾಯಿ ಏನು ಹೊಲಿದಿಲ್ಲವಲ್ಲ. ಹೂಂ, ಬಾಚು, ಸಿಕ್ಕಾಗಿದೆ."

ಅಕ್ಟೋಬರ್ 22, ಬುಧವಾರ

ಹೇಳಿದೆ.

ಮೈದುನ ಕೊಟ್ಟಿಗೆಯ ಹಿಂದೆ ಸೌದೆ ಒಡೆಯುತ್ತಿದ್ದ. ಎದುರು ಹೋಗಿ ನಿಂತೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬಾರದು. "ಗುಂಡಿ ತೆಗೀತಿದ್ದದ್ದು ನಾಯಿ ಅಲ್ಲ. ನಾನು" ಅಂದೆ.

ಅವನಿಗೆ ಅರ್ಥವಾಗಲಿಲ್ಲ. "ಏನಂದ್ರಿ?"

"ಮುಚ್ಚಿದ ಮೂರನೇ ದಿನದಿಂದ. ಸಂಜೆ ಸಂಜೆ ಹೋಗ್ತಿದ್ದೆ."

"ಯಾಕೆ?"

"ಕೈ ಹಾಕಿ ನೋಡೋಕೆ."

ಕೊಡಲಿ ಕೆಳಗಿಟ್ಟ. ಮುಖ ಕೆಂಪಾಯಿತು. ನಾನು ಮದುವೆಯಾಗಿ ಬಂದಾಗಿನಿಂದ ಅವನು ನನ್ನ ಮೇಲೆ ದನಿ ಎತ್ತಿದವನಲ್ಲ. ಇವತ್ತು ಎತ್ತಿದ. "ಹಸು ಉಳಿಸಬೇಕು ಅಂದವರು ಯಾರು ಅತ್ತಿಗೆ? ನಾನಾ? ನಾನು ಕೊಟ್ಟುಬಿಡೋಣ ಅಂದೆ! ನೀವೇ ತುಂಬಿಸಿ ನೀವೇ ಕೊಳೆಸ್ತೀರಾ? ಏನು ಆಟ ಇದು? ಮೂರು ವಾರ! ನಾನು ಬೆಳಿಗ್ಗೆ ಎದ್ದು ನಾಯಿ ಕಾಯ್ತಾ ಕೂತಿದ್ದೀನಿ, ಕಲ್ಲು ಇಟ್ಕೊಂಡು!"

"ಬೆಚ್ಚಗಿತ್ತು" ಅಂದೆ. "ಅದಕ್ಕೆ."

ಮತ್ತೆ ಬೈಯಲು ಬಾಯಿ ತೆರೆದವನು ಹಾಗೇ ನಿಂತ. ಕೊಟ್ಟಿಗೆಯೊಳಗೆ ಹಸುಗಳು ಸರಪಳಿ ಅಲ್ಲಾಡಿಸುತ್ತಿದ್ದವು.

"ಎಷ್ಟು ಬೆಚ್ಚಗಿತ್ತು ಅತ್ತಿಗೆ?"

"ಈಗ ಕರೆದ ಹಾಲಿನಷ್ಟು."

ಅವನು ಗುಂಡಿ ಕಡೆ ನಡೆದ. ನಾನು ಹಿಂದೆ ಹೋದೆ. ಮುಳ್ಳು ಎಳೆದು ಬಿಸಾಕಿದ, ಟೈರು ಉರುಳಿಸಿದ, ಹಾಳೆ ಎತ್ತಿದ. ಮಂಡಿಯೂರಿ ಕೂತು ಭುಜದವರೆಗೆ ಕೈ ಒಳಗೆ ಹಾಕಿದ. ಕೆನ್ನೆ ಹಾಳೆಗೆ ತಾಗಿಸಿಕೊಂಡು ಕಣ್ಣು ಮುಚ್ಚಿದ. ಎಷ್ಟು ಹೊತ್ತು ಅಂತ ನಾನು ಎಣಿಸಲಿಲ್ಲ. ಅಲ್ಲಿ ನಿಂತಿರಬೇಕೋ ಹೋಗಬೇಕೋ ತಿಳಿಯಲಿಲ್ಲ, ನಿಂತೆ.

ಕೈ ಹೊರಗೆ ತೆಗೆದ. ಬೆರಳೆಲ್ಲ ಕಪ್ಪು ಲೋಳೆ. ಹುಲ್ಲಿಗೆ ಒರೆಸಿದ. ಹಾಳೆ ಇಳಿಸಿದ. ಬುಟ್ಟಿ ಬುಟ್ಟಿ ಮಣ್ಣು ತಂದು ಸುರಿದು, ನೀರು ಚಿಮುಕಿಸಿ, ಹಿಮ್ಮಡಿಯಲ್ಲಿ ತುಳಿದ. ನಾನೂ ತುಳಿದೆ. ಅವನು ಎಡಕ್ಕೆ, ನಾನು ಬಲಕ್ಕೆ. ಆರು ಟೈರು ಹೇರಿದೆವು.

"ಇನ್ನು ಸಾಕು ಅತ್ತಿಗೆ" ಅಂದ.

ಬೈದದ್ದಲ್ಲ ಅದು.

ಅಕ್ಟೋಬರ್ 23, ಗುರುವಾರ

ಹೋಗಲಿಲ್ಲ.

ಅಕ್ಟೋಬರ್ 24, ಶುಕ್ರವಾರ

ಹೋಗಲಿಲ್ಲ. ಹಾಲು ಕರೆದಾದ ಮೇಲೆ ಕೈಗೆ ಕೆಲಸ ಬೇಕು ಅಂತ ಪಾತ್ರೆ ಎಲ್ಲ ಇಳಿಸಿ ಮತ್ತೊಮ್ಮೆ ತೊಳೆದೆ. "ಅವು ನಿನಗೆ ಏನು ಅನ್ಯಾಯ ಮಾಡಿದ್ವೇ?" ಅಂದರು ನಮ್ಮವರು.

ನವೆಂಬರ್ 2, ಭಾನುವಾರ

ಪ್ರಾರ್ಥನೆ ಮುಗಿಸಿ ಏಳುವಾಗ ದೇವರಿಗೆ ಒಂದು ಮಾತು ಹೇಳಿದೆ. ಬಾಯಿಪಾಠ ಅಲ್ಲ, ನನ್ನ ಸ್ವಂತದ್ದು. ನೀನು ಅವಳನ್ನು ಕರೆದುಕೊಳ್ಳುವಾಗ ಒಂದು ಮಾತು ನನಗೆ ಹೇಳಬಹುದಿತ್ತು, ಎದುರಿಗೇ ಕೂತಿದ್ದೆನಲ್ಲ ಅಂದೆ. ಹೀಗೆಲ್ಲ ಕೇಳಬಾರದು. ಕೇಳಿಯಾಯಿತು. ಮನೆಗೆ ಬಂದು ಎರಡು ಸಲ ಊಟ ಮಾಡಿದೆ.

ಹಸುಗಳಿಗೆ ಹೊಲದ ಬದುವಿನ ಕೊನೆಯ ಹಸಿರು ಕೊಯ್ದು ಹಾಕುತ್ತಿದ್ದೇವೆ. ಇನ್ನು ಹತ್ತು ದಿನಕ್ಕೆ ಅದೂ ಮುಗಿಯುತ್ತದೆ. ಮೈದುನ ಲಾರಿಯವನ ಜೊತೆ ಫೋನಿನಲ್ಲಿ ಮಾತಾಡಿದ್ದು ಕೇಳಿಸಿತು. "ಹದಿಮೂರಕ್ಕೆ ತೆಗೀತೀವಿ, ನೋಡಿ ಹೇಳ್ತೀನಿ" ಅಂದ.

ಇಪ್ಪತ್ತೆರಡೂ ಹೋಗುತ್ತವೆಯೋ ಏನೋ. ನಾನು ಕಳಿಸಿದ ಹಾಗೆ. ಅವಳು ಒಂದೊಂದನ್ನೂ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು.

ನವೆಂಬರ್ 13, ಗುರುವಾರ

ಬೆಳಿಗ್ಗೆ ನಾಲ್ಕೂ ಜನ ಗುಂಡಿ ಮುಂದೆ ನಿಂತೆವು. ಅತ್ತೆ ಕುರ್ಚಿ ತರಿಸಿಕೊಂಡು ಕೂತರು, ನಾಟಕ ನೋಡುವವರ ಹಾಗೆ.

ಟೈರು ಇಳಿಸಿ ಹಾಳೆ ಮಡಚಿದೆವು. ಕಪ್ಪು. ಬೂಷ್ಟು ಬಿಳಿ ಬಿಳಿ ಗಡ್ಡ ಬಿಟ್ಟಿತ್ತು. ವಾಸನೆಗೆ ನಮ್ಮವರು ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದರು. ಮೈದುನ ಗುದ್ದಲಿ ಹಾಕಿ ಒಂದು ಹೆಂಟೆ ಎತ್ತಿದ. ಒಳಗೂ ಕಪ್ಪು. ಇನ್ನೊಂದು ಎತ್ತಿದ. ಕಪ್ಪು. ಗುದ್ದಲಿ ಕೆಳಗೆ ಬಿಟ್ಟ.

"ಮುಗೀತು" ಅಂದ. ಜೇಬಿನಿಂದ ಫೋನು ತೆಗೆದ.

"ತಡಿ" ಅಂದೆ.

ಗುದ್ದಲಿ ತೆಗೆದುಕೊಂಡೆ. ಎಡಮೂಲೆಯಿಂದ ಶುರು ಮಾಡಿದೆ. ಬುಟ್ಟಿ ತುಂಬುವುದು, ದೂರದ ತಿಪ್ಪೆಗೆ ಸುರಿಯುವುದು, ಬರುವುದು. ಹಸು ಬಾಯಿ ಹಾಕಿದರೆ ವಿಷ ಅದು. ಒಂದು ಹೆಜ್ಜೆ ಒಳಗೆ ಹೋದೆ, ಕಪ್ಪು. ಎರಡು ಹೆಜ್ಜೆ, ಕಂದು. ಹತ್ತು ಗಂಟೆ ಹೊತ್ತಿಗೆ ನಮ್ಮವರು ಇನ್ನೊಂದು ಗುದ್ದಲಿ ಹಿಡಿದು ಪಕ್ಕಕ್ಕೆ ಬಂದರು. ಮೈದುನ ಫೋನು ಕೈಯಲ್ಲಿ ಹಿಡಿದುಕೊಂಡೇ ನೋಡುತ್ತಿದ್ದ, ಆಮೇಲೆ ಬುಟ್ಟಿ ಹೊತ್ತ. ಅತ್ತೆ ಕುರ್ಚಿಯಿಂದಲೇ "ಬಲಕ್ಕೆ, ಬಲಕ್ಕೆ" ಅಂತ ಮಂಜು ಕಣ್ಣಲ್ಲೇ ಹುಕುಂ ಕೊಡುತ್ತಿದ್ದರು.

ನಾಲ್ಕು ಹೆಜ್ಜೆ ಆದ ಮೇಲೆ ಗುದ್ದಲಿ ಸದ್ದು ಬದಲಾಯಿತು. ಪಚಪಚ ಅನ್ನುತ್ತಿದ್ದದ್ದು ಗಟ್ಟಿಗೋಡೆಗೆ ಬಿದ್ದ ಹಾಗೆ ಆಯಿತು. ಕೈಯಲ್ಲಿ ಕಿತ್ತೆ. ಹಳದಿ ಹಸಿರು, ಎಲೆಯ ನರ ಕಾಣುತ್ತಿತ್ತು, ಕಾಳು ಕಾಳಾಗೇ ಇತ್ತು. ಮುಖದ ಹತ್ತಿರ ತಂದೆ. ಹುಳಿ. ಒಳ್ಳೇ ಹುಳಿ, ಮಾಗಿದ ಹಣ್ಣಿನ ಹಾಗೆ. ಬಾಯಲ್ಲಿ ನೀರೂರಿತು.

ಮತ್ತೆ ಕೈ ಒಳಗೆ ಒತ್ತಿದೆ.

ತಣ್ಣಗಿತ್ತು. ಬಾವಿಯ ನೀರಿನ ಹಾಗೆ.

"ತಣ್ಣಗಿದೆ ಕಣೋ" ಅಂದೆ ಮೈದುನನಿಗೆ. "ಬಾ, ನೋಡು. ತಣ್ಣಗಿದೆ!" ಇಷ್ಟು ಜೋರಾಗಿ ಯಾಕೆ ಕೂಗಿದೆನೋ. ಅತ್ತೆ ಬೆಚ್ಚಿಬಿದ್ದರು. "ಕಿವುಡಿ ನಾನು, ಅವನಲ್ಲ" ಅಂದರು.

ಒಂದು ಬುಟ್ಟಿ ಗೋದಲಿಗೆ ಸುರಿದೆವು. ಮೊದಲು ಮೂಸಿ ಮುಖ ತಿರುಗಿಸಿದವು, ಹೊಸ ಸೊಸೆ ಅಡುಗೆ ಅನ್ನುವ ಹಾಗೆ. ಆಮೇಲೆ ಒಂದು ತಿಂದಿತು. ಅದು ತಿಂದದ್ದು ನೋಡಿ ಪಕ್ಕದ್ದು ಅದರ ಪಾಲಿಗೇ ಮೂತಿ ಹಾಕಿತು.

ನವೆಂಬರ್ 15, ಶನಿವಾರ

ಮೈದುನ ಗುಂಡಿಯ ಗೋಡೆ ಮೇಲೆ ಹೆಜ್ಜೆ ಎಣಿಸಿದ. ಹದಿನಾರು ಉಳಿದಿದೆ. ಇಪ್ಪತ್ತರಲ್ಲಿ ನಾಲ್ಕು ಹೋಯಿತು.

"ಹದಿನೆಂಟಕ್ಕೆ ಸಾಕು ಅತ್ತಿಗೆ. ಇಪ್ಪತ್ತೆರಡಕ್ಕೆ ಸಾಲಲ್ಲ. ಎಲ್ಲದಕ್ಕೂ ಕಡಿಮೆ ಹಾಕಿದ್ರೆ ಎಲ್ಲವೂ ಬಡವಾಗ್ತವೆ."

"ಹದಿನೆಂಟು ಇರುತ್ತಾ ಹಾಗಾದ್ರೆ?"

"ನಾನು ಹೇಳಿದ್ದು ಏನು? ಚೆನ್ನಾಗಿದ್ರೆ ಇರಲಿ ಅಂತ. ಚೆನ್ನಾಗಿದ್ದಷ್ಟು ಇರಲಿ." ನೆಲ ನೋಡುತ್ತಾ ನಿಂತ. "ನಾಲ್ಕು ಯಾವುದು ಅಂತ ನೀವೇ ಹೇಳಬೇಕು. ನನಗೆ ಆಗಲ್ಲ."

ನಾನು ಮಾಡಿದ್ದು, ನಾನೇ ಹೇಳಬೇಕು. ಸರಿಯೇ. ಕೊಟ್ಟಿಗೆಯಲ್ಲಿ ಎರಡು ಸುತ್ತು ಬಂದೆ. ಒಂದೊಂದರ ಬೆನ್ನು ಮುಟ್ಟಿದೆ. ಹಾಲು ಕಮ್ಮಿಯಾದದ್ದು ಎರಡು. ಎರಡು ವರ್ಷ ಗಬ್ಬ ನಿಲ್ಲದ್ದು ಒಂದು. ಒದೆಯುವುದು ಒಂದು. ಅವಳು ಹಿಡಿದರೆ ಮಾತ್ರ ಅದು ಒದೆಯುತ್ತಿರಲಿಲ್ಲ.

ಹೇಳಿದೆ.

ನವೆಂಬರ್ 18, ಮಂಗಳವಾರ

ಲಾರಿ ಬಂದು ಹೋಯಿತು.

ಮೂರು ಹತ್ತಿದವು. ಒದೆಯುವುದು ಹತ್ತಲಿಲ್ಲ. ಹಲಗೆ ಮೇಲೆ ಮುಂಗಾಲಿಟ್ಟು ನಿಂತಿತು. ಲಾರಿಯವನು ಕೋಲೆತ್ತಿದ. ಮುಟ್ಟಿದರೆ ನೋಡು ಅಂತ ನಾನು ಕೂಗಿದ ರಭಸಕ್ಕೆ ಅವನೇ ಹಲಗೆಯಿಂದ ಇಳಿದ. ಅದರ ಕುತ್ತಿಗೆ ತಬ್ಬಿ ಹಿಡಿದು ನಾನೇ ಹತ್ತಿಸಿದೆ. ಇಳಿದು ಬರುವಾಗ ತೊಡೆಗೆ ಒದೆಯಿತು. ಬಾವು ಬಂದಿದೆ. ಕೂರೋಕೆ ಆಗುತ್ತಿಲ್ಲ, ಒಂದು ಕಡೆ ಒರಗಿ ಬರೆಯುತ್ತಿದ್ದೇನೆ. ನೋವು ಚೆನ್ನಾಗಿ ಗೊತ್ತಾಗುತ್ತಿದೆ.

ಮಧ್ಯಾಹ್ನ ಮೈದುನ ಗುಂಡಿಯ ಮುಂಭಾಗ ಒಂದು ಅಡಿಯಷ್ಟು ನೆಟ್ಟಗೆ ಕೊಯ್ದು, ಹಾಳೆ ಇಳಿಬಿಟ್ಟು, ಅಂಚಿಗೆ ಕಲ್ಲು ಹೇರಿದ. "ಬರೋ ವರ್ಷ ಮುಚ್ಚಿದ ಮೇಲೆ ಬೀಗ ಹಾಕ್ತೀನಿ ಅತ್ತಿಗೆ. ಕೀಲಿ ಅಮ್ಮನ ಹತ್ತಿರ" ಅಂದ. ನಮ್ಮವರು ನಕ್ಕರು. ನಾನು ಅವನಿಗೆ ಬೈದೆ. ನಿನ್ನ ಗಂಡ ಬರೋ ವರ್ಷ ಅಂದ, ಕೇಳಿಸಿತೇ?

ಅತ್ತೆ ಸಂಜೆ ನನ್ನ ಕೆನ್ನೆ ಮುಟ್ಟಿ "ಯಾಕೆ ಒದ್ದೆ?" ಅಂದರು. ನೀರು ಕುಡಿದೆ, ಚೆಲ್ಲಿರಬೇಕು ಅಂದೆ. ಮಧ್ಯಾಹ್ನದಿಂದ ಹೀಗೇ ಆಗುತ್ತಿದೆ. ಕಾಗದದ ಮೇಲೂ ಬಿದ್ದು ಅಕ್ಷರ ಹರಡಿದೆ.

ಚಿಕ್ಕವಳೆ, ಒಂದು ಮಾತು. ನಾಲ್ಕು ಹಸು ನನ್ನ ಕೈಯಿಂದ ಹೋಯಿತು, ಇಲ್ಲ ಅನ್ನುವುದಿಲ್ಲ. ಆದರೆ ಹೇಳದೆ ಕೇಳದೆ ಅರ್ಧ ಹಾಲು ಕರೆದು ಎದ್ದುಹೋದವಳು ನೀನು. ನೀನು ಇದ್ದಿದ್ದರೆ ನಾನು ಗುಂಡಿಗೆ ಯಾಕೆ ಕೈ ಹಾಕುತ್ತಿದ್ದೆ? ಆದ್ದರಿಂದ ನಾಲ್ಕೂ ನನ್ನ ತಲೆಗೆ ಕಟ್ಟಬೇಡ. ಹಾಲು ಕಮ್ಮಿಯಾದ ಎರಡು ನನ್ನ ಪಾಲಿಗಿರಲಿ. ಗಬ್ಬ ನಿಲ್ಲದ್ದು ಮತ್ತು ಆ ಒದೆಯುವುದು ನಿನ್ನ ಪಾಲು. ಇದು ನಿನಗೆ ಒಪ್ಪಿಗೆಯಿಲ್ಲದಿದ್ದರೆ ಬಂದು ಜಗಳ ಆಡು.